ಗೋಡೆಯಾಚೆಯ ಮ್ಯಾಡಂ

ಶನಿವಾರ ಬೆಳಿಗ್ಗೆ ಅತ್ತಿಗೆಯ ಒಂದೊಂದು ಮಾತೂ ಚೂಟಿಗೆ ಎರಡೆರಡು ಸಲ ಕೇಳಿಸುತ್ತಿತ್ತು. ಮೊದಲು ಗೋಡೆಯಾಚೆಯಿಂದ, ಅರೆಗಳಿಗೆ ಬಿಟ್ಟು ಇಯರ್‌ಫೋನಿನೊಳಗಿಂದ.

ಅತ್ತಿಗೆ ನಡುಮನೆಯ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು. ಚೂಟಿ ಒಳಕೋಣೆಯಲ್ಲಿ ಅಪ್ಪನ ಮಂಚದ ಪಕ್ಕ, ಸ್ಟೂಲಿನ ಮೇಲೆ. ಅತ್ತಿಗೆಯ ಸಾಫ್ಟ್‌ವೇರ್ ಕಂಪನಿಯವರು ಕಂಪ್ಯೂಟರ್ ಓದುವ ಕೊನೆ ವರ್ಷದ ಹುಡುಗಿಯರಿಗೆ ದಾರಿ ತೋರಿಸಲೆಂದು ತಮ್ಮಲ್ಲಿನ ಅನುಭವಸ್ಥ ಹೆಂಗಸರನ್ನು ಗೊತ್ತುಮಾಡಿದ್ದರು. ಒಬ್ಬೊಬ್ಬರಿಗೆ ಆರು ಹುಡುಗಿಯರು. ಅತ್ತಿಗೆಯ ಪಾಲಿಗೆ ಬಂದವರಲ್ಲಿ ಸ್ವಂತ ನಾದಿನಿಯೂ ಒಬ್ಬಳಾದದ್ದು ಕಾಲೇಜಿನವರ ಕಣ್ತಪ್ಪು. ಒಂದೇ ಮನೆಯವರೆಂದು ತಿಳಿದರೆ ಚೂಟಿಯನ್ನು ಬೇರೆ ಗುಂಪಿಗೆ ಹಾಕುತ್ತಾರೆ, ಅಲ್ಲಿ ಯಾವ ಪುಣ್ಯಾತ್ಗಿತ್ತಿ ಸಿಗುತ್ತಾಳೋ ಎಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಹಾಗಾಗಿ ವಾರಕ್ಕೊಮ್ಮೆ, ಒಂದು ಗೋಡೆಯ ಅಂತರದಲ್ಲಿ, ಅತ್ತಿಗೆ ಮ್ಯಾಡಂ ಆಗುತ್ತಿದ್ದಳು.

"ಮ್ಯಾಡಂ, ಇಂಟರ್‌ವ್ಯೂನಲ್ಲಿ ಗೊತ್ತಿಲ್ಲದ್ದು ಕೇಳಿದ್ರೆ ಏನ್ ಮಾಡೋದು?" ಎಂದು ಹಾಸ್ಟೆಲಿನ ಹುಡುಗಿ ಕೇಳಿದಳು. ಗುಂಪಿನಲ್ಲಿ ಬಾಯಿ ಇದ್ದವಳು ಅವಳೇ.

"ಗೊತ್ತಿಲ್ಲ ಅಂತ ಹೇಳು. ಹೇಳಿ ಸುಮ್ನಾಗಬೇಡ. ನನಗೆ ಬಿಟ್ಟಿದ್ರೆ ಎಲ್ಲಿಂದ ಶುರು ಮಾಡ್ತಿದ್ದೆ ಅಂತ ಹೇಳ್ತಾ ಹೋಗು. ಅವರಿಗೆ ಬೇಕಾಗಿರೋದು ಉತ್ತರ ಅಲ್ಲ, ನಿನ್ನ ತಲೆ ಹೇಗೆ ಓಡತ್ತೆ ಅಂತ."

ಅಡುಗೆಮನೆಯ ಹೊಸ್ತಿಲಲ್ಲಿ ಬಟಾಣಿ ಸುಲಿಯುತ್ತಿದ್ದ ಅಮ್ಮನಿಗೂ ಈ ಪಾಠ ಬಾಯಿಪಾಠವಾಗಿತ್ತು. "ನನ್ನನ್ನ ಈ ಮನೆಗೆ ತರುವಾಗ ಯಾರೂ ಒಂದು ಪ್ರಶ್ನೆ ಕೇಳ್ಲಿಲ್ಲಪ್ಪ," ಎಂದಳು. "ಸೀದಾ ಕೆಲಸಕ್ಕೆ ಹಾಕಿದ್ರು."

ಪರದೆಯ ಮೇಲಿನ ಹುಡುಗಿಯರು ನಕ್ಕರು. "ಅದ್ಯಾರು ಮ್ಯಾಡಂ?"

"ನಮ್ಮತ್ತೆ," ಎಂದಳು ಅತ್ತಿಗೆ. ಒಳಕೋಣೆಯಲ್ಲಿ ಚೂಟಿ ನಗು ತಡೆಯಲು ತುಟಿ ಕಚ್ಚಿ ಕಿಟಕಿಯ ಕಡೆ ನೋಡಿದಳು.

ಪಾಠ ಮುಗಿದ ಮೇಲೆ ಅವಳ ಮೊದಲ ಮಾತು, "ಮ್ಯಾಡಂ, ಸಿಂಹಾಸನ ಇಳಿದು ಬನ್ನಿ. ಅಪ್ಪನ್ನ ಮಗ್ಗಲು ತಿರುಗಿಸ್ಬೇಕು."

ಅಪ್ಪ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಊರಿನ ಆಸ್ಪತ್ರೆ, ಹೋಟೆಲು, ಕಚೇರಿಗಳ ಲಿಫ್ಟುಗಳಿಗೆಲ್ಲ ಎಣ್ಣೆ ಹಾಕಿದ ಮನುಷ್ಯ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದ್ದ. ಎಡಮಗ್ಗುಲು ಪೂರ್ತಿ ಬಿದ್ದುಹೋಗಿತ್ತು. ಮಾತು ಎಂದರೆ ಒಂದೆರಡು ಶಬ್ದ, ಅದೂ ನಾಲಗೆ ತೊಡರುತ್ತ. ಅವನನ್ನು ತಿರುಗಿಸಲು ಇಬ್ಬರು ಬೇಕು, ಒಬ್ಬರು ಭುಜಕ್ಕೆ, ಒಬ್ಬರು ಸೊಂಟಕ್ಕೆ. ಅಮ್ಮನ ಬೆನ್ನುಮೂಳೆ ಸವೆದಿದೆ, ಭಾರ ಎತ್ತಕೂಡದು ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಚೂಟಿ ಮತ್ತು ಅತ್ತಿಗೆ ಸೇರಿ ಅವನನ್ನು ಒರೆಸಿ, ಬಟ್ಟೆ ಬದಲಿಸಿ, ಕೈಕಾಲಿಗೆ ವ್ಯಾಯಾಮ ಮಾಡಿಸಿ, ದಿಂಬಿಗೊರಗಿಸಿ ಕೂರಿಸುತ್ತಿದ್ದರು. ಅತ್ತಿಗೆ ಆಫೀಸಿನ ಗಾಡಿ ಹತ್ತಿದ ಮೇಲೆ ತಿನ್ನಿಸುವುದು, ಮಾತ್ರೆ ಕೊಡುವುದು, ಮಲದ ತಟ್ಟೆ ಎತ್ತುವುದು ಚೂಟಿಯ ಪಾಲು. ಅವಳ ತರಗತಿಗಳು ಮಧ್ಯಾಹ್ನದ ಮೇಲೆ. ಬೆಳಗಿನ ತರಗತಿಗಳನ್ನು ಅವಳು ಬಿಟ್ಟು ವರ್ಷವಾಗಿತ್ತು.

ಏಜೆನ್ಸಿಯಿಂದ ಒಬ್ಬ ಹೆಂಗಸು ಬಂದಿದ್ದುಂಟು. ಅವಳು ಮುಟ್ಟಿದರೆ ಅಪ್ಪ ಮೈ ಬಿಗಿಹಿಡಿಯುತ್ತಿದ್ದ. ಒಬ್ಬಳ ಕೈಲಾಗಲ್ಲ ಎಂದು ಅವಳು ಬಿಟ್ಟುಹೋದಳು. ಇಬ್ಬರನ್ನು ಗೊತ್ತುಮಾಡೋಣ ಎಂದು ಅತ್ತಿಗೆ ಹೇಳಿದಾಗ ಅಣ್ಣ, "ಮನೇಲಿ ಮೂರು ಜನ ಹೆಂಗಸರಿದ್ದೂ ಹೊರಗಿನವರು ಯಾಕೆ?" ಎಂದ. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಇದ್ದದ್ದೇ ಒಪ್ಪಿಗೆಯಾಗಿ ಉಳಿದುಬಿಟ್ಟಿತು.

ಅಣ್ಣನದು ಡ್ರೈವಿಂಗ್ ಸ್ಕೂಲು. ಕಲಿಯುವವರು ಬರುವುದು ಬೆಳಿಗ್ಗೆ ಮತ್ತು ಸಂಜೆ, ಅಪ್ಪನಿಗೆ ಕೈ ಬೇಕಾದದ್ದೂ ಬೆಳಿಗ್ಗೆ ಮತ್ತು ಸಂಜೆ. ಕಲಿಯುವವರಲ್ಲಿ ಹುಡುಗಿಯರೇ ಹೆಚ್ಚು ಎಂದು ಅವನು ಹೆಮ್ಮೆಪಡುತ್ತಿದ್ದ. "ಹೆದರಿಕೊಂಡು ಬಂದೋರು ಹೈವೇ ಮೇಲೆ ಓಡಿಸ್ಕೊಂಡು ಹೋಗ್ತಾರೆ," ಎನ್ನುತ್ತಿದ್ದ. ಅವನ ಗಾಡಿಯಲ್ಲಿ ಅವನು ಕೂರುವ ಕಡೆಗೂ ಒಂದು ಬ್ರೇಕಿತ್ತು.

ಪರೀಕ್ಷೆಗಳು ಹತ್ತಿರ ಬಂದಾಗ ಕಂಪನಿ ಹುಡುಗಿಯರ ಮುಂದೆ ಎರಡು ದಾರಿ ಇಟ್ಟಿತು. ಒಂದು ದೂರದ ಊರಿನ ದೊಡ್ಡ ಕಚೇರಿ. ಆರು ತಿಂಗಳು ಅಲ್ಲೇ ಉಳಿದು ತರಬೇತಿ, ಆಮೇಲೆ ಹೊಸದಾಗಿ ಸಾಫ್ಟ್‌ವೇರ್ ಕಟ್ಟುವ ತಂಡದಲ್ಲಿ ಕೆಲಸ. ಇನ್ನೊಂದು ಮನೆಯಿಂದಲೇ ಮಾಡುವ ಕೆಲಸ. ಗಿರಾಕಿಗಳ ದೂರು ಓದಿ ಉತ್ತರ ಬರೆಯುವುದು, ವರ್ಷ ವರ್ಷದ ಕರಾರು. ಯಾವ ಹುಡುಗಿ ಯಾವುದಕ್ಕೆ ತಕ್ಕವಳು ಎಂದು ಮೊದಲ ಮಾತು ಹೇಳಬೇಕಾದವರು ಕಲಿಸಿದವರು.

ಚೂಟಿ ಅಂದೇ ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟಳು. "ನನಗೆ ಆ ಊರಿನ ಕೆಲಸ ಬೇಕು."

ಅಮ್ಮ ಅನ್ನದ ಪಾತ್ರೆಗೆ ಸೌಟು ಹಾಕಿದಳು. ಅತ್ತಿಗೆ ಸಾರು ಬಡಿಸಲು ಎದ್ದಳು. ಅಣ್ಣ ಮಾತ್ರ ಆರಾಮಾಗಿ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದ.

"ಹೋಗು. ಯಾರು ಬೇಡ ಅಂದ್ರು?" ಎಂದ.

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ? ಓದ್ತೀನಿ ಅಂದೆ, ಓದು ಅಂದೆ. ಹೋಗ್ತೀನಿ ಅಂತೀಯ, ಹೋಗು ಅಂತೀನಿ. ಅಪ್ಪನ್ನ ಬೆಳಿಗ್ಗೆ ಯಾರು ನೋಡ್ಕೋತಾರೆ, ಅದೊಂದು ಹೇಳ್ಬಿಡು."

"ನೀನು ನೋಡ್ಕೋ."

"ನನಗೆ ಬೆಳಿಗ್ಗೆ ಕ್ಲಾಸು."

"ನನಗೂ ಬೆಳಿಗ್ಗೆ ಕ್ಲಾಸಿತ್ತು ಅಣ್ಣ."

"ಕಾಲೇಜು ಕ್ಲಾಸು ಬಿಟ್ರೆ ಹಾಜರಿ ಹೋಗತ್ತೆ. ನನ್ನ ಕ್ಲಾಸು ಬಿಟ್ರೆ ಗಿರಾಕಿ ಹೋಗ್ತಾರೆ. ಎರಡೂ ಒಂದೇ ಏನೇ?"

"ಒಂದೇ ಅಲ್ಲ ಬಿಡು. ಒಂದು ನಿಂದು, ಒಂದು ನಂದು."

ಅಮ್ಮ ಗದರಿದಳು. "ಉಣ್ಣುವಾಗ ಬಾಯಿಗೆ ಬಾಯಿ ಕೊಡ್ಬೇಡಿ. ಅವಳಿಗೆ ಇನ್ನೊಂದು ಮೊಟ್ಟೆ ಹಾಕೆ." ಎರಡನೆಯ ಮಾತು ಸೊಸೆಗೆ. ಅತ್ತಿಗೆ ಮೊಟ್ಟೆ ಹಾಕಿದಳು.

ಎರಡು ದಿನ ಬಿಟ್ಟು ಅತ್ತಿಗೆ ಬಚ್ಚಲಲ್ಲಿ ಅಪ್ಪನ ಹಾಸಿಗೆಯ ಬಟ್ಟೆ ನೆನೆಹಾಕುತ್ತಿದ್ದಾಗ ಅಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಬಟ್ಟೆಯ ವಾಸನೆಗೆ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದ.

"ಅವಳಿಗೆ ನೀನೇ ಅಲ್ವಾ ಮ್ಯಾಡಂ? ನೀನೇ ಒಂದು ಮಾತು ಹೇಳು," ಎಂದ.

"ಏನಂತ?"

"ಏನಂತ ಅಂದ್ರೆ? ಅವಳು ಹೋದ ಮೇಲೆ ನೀನು ಕೆಲಸ ಬಿಡ್ಬೇಕಾಗತ್ತೆ. ನಾನು ಬಿಡು ಅಂತಿಲ್ಲ. ಬಿಡ್ಬೇಕಾಗತ್ತೆ ಅಂತಿದ್ದೀನಿ. ಅಮ್ಮನ ಬೆನ್ನು ನಿನಗೆ ಗೊತ್ತು."

"ನಿಮ್ಮ ಬೆನ್ನಿಗೆ ಏನಾಗಿದೆ?"

"ಇದೇ ನೋಡು. ಸಲೀಸಾಗಿ ಮಾತಾಡೋಕೆ ಬಂದ್ರೆ ಕುಟುಕ್ತೀಯ." ಅವನು ಮುನಿಸಿಕೊಳ್ಳಲಿಲ್ಲ. ಅವನು ಮುನಿಸಿಕೊಳ್ಳುವವನೇ ಅಲ್ಲ. "ಮನೆಯಿಂದ ಮಾಡೋ ಕೆಲಸಾನೂ ಕೆಲಸಾನೇ ತಾನೇ? ಅವಳಿಗೂ ಒಂದು ನೌಕರಿ, ನಿನಗೂ ನಿನ್ನ ನೌಕರಿ. ಯಾರಿಗೂ ನಷ್ಟ ಇಲ್ಲ. ಯೋಚನೆ ಮಾಡು."

ಅವನು ಹೋದ ಮೇಲೆ ಅತ್ತಿಗೆ ನೆನೆದ ಬಟ್ಟೆಯನ್ನು ಕಲ್ಲಿಗೆ ಬಡಿದಳು. ಬಡಿಯುತ್ತ ಬಡಿಯುತ್ತ ಯೋಚನೆ ಮಾಡಿದಳು. ಅವಳ ಕೈಕೆಳಗೆ ಒಂಬತ್ತು ಜನರ ತಂಡವಿತ್ತು. ಆ ಕುರ್ಚಿಗೆ ಬರಲು ಅವಳು ನುಂಗಿದ ಮಾತುಗಳನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಈ ಮನೆಯಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ. ಇಬ್ಬರು ಹೆಂಗಸರ ನಡುವೆ ಒಂದು ಬಾಗಿಲು ಇಟ್ಟು, ಒಬ್ಬಳು ಹೋದರೆ ಇನ್ನೊಬ್ಬಳ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡಿಟ್ಟಿದ್ದಾರೆ, ಅಷ್ಟೇ. ಬೀಗ ಹಾಕಿದವನು ಯಾರೆಂದು ಕೇಳಿದರೆ ಅಲ್ಲಿ ಯಾರೂ ಇರುವುದಿಲ್ಲ.

ಮರುದಿನ ಮಾರುಕಟ್ಟೆಯಿಂದ ಚೀಲ ಹೊತ್ತು ಮೆಟ್ಟಿಲು ಹತ್ತುವಾಗ, ಎರಡನೇ ಮಹಡಿಯ ತಿರುವಿನಲ್ಲಿ ಅತ್ತಿಗೆ ನಿಂತು ಉಸಿರು ತಗೊಂಡಳು. ಚೂಟಿ ಎರಡು ಮೆಟ್ಟಿಲು ಮೇಲಿದ್ದಳು.

"ಚೂಟಿ, ನಾನು ಯೋಚನೆ ಮಾಡ್ದೆ. ಮೊದಲು ಒಂದು ವರ್ಷ ಮನೆಯಿಂದ ಮಾಡೋದೇ ತಗೋ. ಗಿರಾಕಿಗಳ ಕಷ್ಟ ಏನು ಅಂತ ಗೊತ್ತಾಗತ್ತೆ. ಅಡಿಪಾಯ ಗಟ್ಟಿಯಾಗತ್ತೆ."

ಚೂಟಿ ತಿರುಗಿ ನೋಡಿದಳು. "ದೂರಿಗೆ ಉತ್ತರ ಬರೆದ್ರೆ ಅಡಿಪಾಯ ಗಟ್ಟಿಯಾಗತ್ತಾ ಅತ್ತಿಗೆ?"

"ನನ್ನ ಅನುಭವದಲ್ಲಿ ಹೇಳ್ತಿದ್ದೀನಿ."

"ನನ್ನ ಪ್ರಾಜೆಕ್ಟು ಚೆನ್ನಾಗಿದೆ ಅಂದಿದ್ರಿ. ಹೊಸದು ಕಟ್ಟೋ ಕೈ ನಿಂದು ಅಂದಿದ್ರಿ."

"ಚೆನ್ನಾಗೇ ಇದೆ. ಅವಸರ ಬೇಡ ಅಂತಿದ್ದೀನಿ."

ಚೂಟಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ನೀವು ಹೇಳಿದ ಮೇಲೆ ಮುಗೀತು," ಎಂದಳು. ಅಣ್ಣ ಹೇಳಿದ್ದರೆ ಜಗಳವಾಡುತ್ತಿದ್ದಳು, ಅಮ್ಮ ಹೇಳಿದ್ದರೆ ಅಳುತ್ತಿದ್ದಳು. ಹೇಳಿದವಳು ಮ್ಯಾಡಂ. ಅದಕ್ಕೇ ನಂಬಿದಳು. ಆ ದಿನವೇ ಅತ್ತಿಗೆ ಆಫೀಸಿಗೆ ಒಂದು ಸಾಲು ಬರೆದು ಕಳಿಸಿದಳು, ಈ ಹುಡುಗಿಯ ಮನೆಯ ಪರಿಸ್ಥಿತಿಗೆ ಮನೆಯಿಂದ ಮಾಡುವ ಕೆಲಸವೇ ಸೂಕ್ತ ಎಂದು.

ಮುಂದಿನ ಶನಿವಾರ ಹಾಸ್ಟೆಲಿನ ಹುಡುಗಿಯ ಮುಖ ಬಾಡಿತ್ತು.

"ಮ್ಯಾಡಂ, ನಮ್ಮನೇಲಿ ಮನೆಯಿಂದ್ಲೇ ಮಾಡೋ ಕೆಲಸ ತಗೋ ಅಂತಿದ್ದಾರೆ. ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ನೀನಿದ್ರೆ ಒಂದು ಕೈ ಆಗತ್ತೆ ಅಂತ. ಏನ್ ಮಾಡ್ಲಿ?"

ಅತ್ತಿಗೆಯ ಕಣ್ಣು ಒಳಕೋಣೆಯ ಬಾಗಿಲಿನತ್ತ ಹೋಯಿತು. ಆದರೆ ಕೇಳಿದ ಹುಡುಗಿಯ ಕಣ್ಣು ನೇರವಾಗಿ ಅವಳನ್ನೇ ನೋಡುತ್ತಿತ್ತು. ಎಷ್ಟೋ ಹುಡುಗಿಯರಿಗೆ ಹೇಳಿ ಹೇಳಿ ನಾಲಗೆಗೆ ರೂಢಿಯಾದ ಮಾತು ತಾನಾಗಿ ಹೊರಗೆ ಬಂತು.

"ತಗೋಬೇಡ. ಮೊದಲ ಕೆಲಸಾನೇ ಮನೆಯೊಳಗೆ ತಗೊಂಡ್ರೆ ಅದು ಕೆಲಸ ಅಂತ ಮನೇಲಿ ಯಾರಿಗೂ ಅನ್ಸಲ್ಲ. ನೀನು ಕಂಪ್ಯೂಟರ್ ಮುಂದೆ ಕೂತಿದ್ರೆ ಖಾಲಿ ಕೂತಿದ್ದೀಯ ಅಂತ್ಲೇ ಅರ್ಥ. ಹಾಲು ಉಕ್ಕಿದ್ರೂ ನಿನ್ನನ್ನೇ ಕರೀತಾರೆ, ಬಾಗಿಲು ತಟ್ಟಿದ್ರೂ ನಿನ್ನನ್ನೇ ಕರೀತಾರೆ. ನಮ್ಮ ಕೆಲಸ ಕಲಿಯೋದು ಪಕ್ಕದ ಕುರ್ಚಿಯವರನ್ನ ನೋಡಿ. ಪಕ್ಕದಲ್ಲಿ ಗೋಡೆ ಇದ್ರೆ ಗೋಡೆ ಏನು ಕಲಿಸತ್ತೆ? ಅಜ್ಜಿಗೆ ಒಂದು ಕೈ ಬೇಕು ಅಂದ್ರೆ, ಮನೇಲಿ ಯಾರ್ಯಾರಿಗೆ ಕೈ ಇದೆ ಅಂತ ಕೇಳು."

ಒಳಕೋಣೆಯಲ್ಲಿ ಚೂಟಿಗೆ ಈ ಮಾತು ಒಮ್ಮೆ ಕೇಳಿಸಿತು. ಆಮೇಲೆ ಇನ್ನೊಮ್ಮೆ ಕೇಳಿಸಿತು. ಅವಳು ಮೈಕ್ ಆನ್ ಮಾಡಿದಳು.

"ಮ್ಯಾಡಂ, ನನಗೂ ಇದೇ ಉತ್ತರಾನಾ?"

ಈ ಸಲ ಎರಡೆರಡು ಸಲ ಕೇಳಿಸಿಕೊಳ್ಳುವ ಸರದಿ ಅತ್ತಿಗೆಯದು.

"ನಿನ್ನ ವಿಷಯ... ಆಮೇಲೆ ಮಾತಾಡೋಣ."

"ಅವಳ ವಿಷಯ ಯಾಕೆ ಬೇರೆ ಮ್ಯಾಡಂ?" ಎಂದಳು ಹಾಸ್ಟೆಲಿನವಳು, ಏನೂ ತಿಳಿಯದೆ.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಒಳಗಿನಿಂದ ಅಪ್ಪ ನರಳಿದ. ಚೂಟಿಯ ಮೈಕಿನಿಂದ ಆ ನರಳಿಕೆ ಎಲ್ಲರಿಗೂ ಕೇಳಿಸಿತು. "ನೆಟ್‌ವರ್ಕ್ ಸರಿಯಿಲ್ಲ ಅನ್ಸತ್ತೆ," ಎಂದು ಅತ್ತಿಗೆ ಲ್ಯಾಪ್‌ಟಾಪನ್ನು ಮುಚ್ಚಿಯೇಬಿಟ್ಟಳು.

ಚೂಟಿ ಬಂದು ಮೇಜಿನ ಆಚೆ ನಿಂತಳು.

"ನೆಟ್‌ವರ್ಕ್ ಸರಿಹೋಯ್ತಾ ಮ್ಯಾಡಂ?"

"ಮನೇಲಿ ಮ್ಯಾಡಂ ಅನ್ಬೇಡ."

"ಹೌದಲ್ಲ. ಮ್ಯಾಡಂ ಇರೋದು ಬೇರೆಯವರ ಮನೆ ಹುಡುಗಿಯರಿಗೆ. ನನಗೆ ಅತ್ತಿಗೆ. ಅಡಿಪಾಯ ಗಟ್ಟಿ ಮಾಡೋ ಅತ್ತಿಗೆ."

"ಚೂಟಿ, ಸ್ವಲ್ಪ ಕೂತ್ಕೋ."

"ಕೂರಲ್ಲ. ಕೂರಿಸೋದೇ ಅಲ್ವಾ ನಿಮ್ಮೆಲ್ಲರ ಉದ್ದೇಶ?"

ಅತ್ತಿಗೆ ಮುಚ್ಚಿದ ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಳ್ಳಿದಳು. "ಹೌದು ಕಣೆ, ಸುಳ್ಳು ಹೇಳ್ದೆ. ನೀನು ಬಸ್ಸು ಹತ್ತಿದ ದಿನ ನಾನು ಮನೆಯೊಳಗೆ. ನನ್ನ ನೌಕರಿ, ನನ್ನ ತಂಡ, ಎಲ್ಲಾ ನಿಂತಿರೋದು ನೀನು ಬೆಳಿಗ್ಗೆ ನಿಮ್ಮಪ್ಪನ ಸೊಂಟ ಹಿಡಿಯೋದ್ರ ಮೇಲೆ. ಇಷ್ಟು ದಿನ ಹುಡುಗಿಯರಿಗೆ ಧೈರ್ಯ ಹೇಳಿದ್ದೆಲ್ಲ ನಿನ್ನ ಕೈ ಮೇಲೆ ನಿಂತು ಹೇಳಿದ್ದು. ಗೊತ್ತಾಯ್ತಾ?"

"ಇದನ್ನೇ ಹೇಳಿದ್ರೆ ನಾನೇ ಉಳ್ಕೋತಿದ್ದೆನೋ ಏನೋ. ನಿನ್ನ ಒಳ್ಳೇದಕ್ಕೆ ಅಂತ ಹೇಳಿದ್ರಲ್ಲ, ಅದು ಉರೀತಿದೆ."

ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು, ಕೈಯಲ್ಲಿ ಸೌಟು ಹಿಡಿದೇ. "ಕಿತ್ತಾಡಿ, ಇಬ್ಬರೂ ಜುಟ್ಟು ಜುಟ್ಟು ಹಿಡ್ಕೊಂಡು ಕಿತ್ತಾಡಿ. ಆ ಮಹರಾಯ ಹಾಯಾಗಿ ಕಾರು ಓಡಿಸ್ಲಿ."

"ಅವನನ್ನ ಮಹರಾಯ ಮಾಡಿದ್ದು ಯಾರಮ್ಮ?" ಎಂದಳು ಚೂಟಿ.

"ನಾನೇ. ಬೇರೆ ಥರ ಬೆಳೆಸೋದು ನನಗೆ ಯಾವ ಮ್ಯಾಡಂ ಬಂದು ಹೇಳಿಕೊಟ್ಟಿದ್ಲು?" ಅಮ್ಮ ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಕೂತಳು. "ಕೇಳಿ. ನನಗೂ ನೀನು ಹೋಗೋದು ಬೇಡ. ನಾನು ಅಡಿಪಾಯ ಗಿಡಿಪಾಯ ಅನ್ನಲ್ಲ. ಹೆದರಿಕೆ ಅಂತೀನಿ. ನೀವಿಬ್ಬರೂ ದಿನಪೂರ್ತಿ ಹೊರಗೆ ಹೋದ್ರೆ ಮನೇಲಿ ಉಳಿಯೋದು ಅವರು, ನಾನು. ಅವರು ಮಂಚದಿಂದ ಜಾರಿದ್ರೆ ನಾನು ಎತ್ತೋಕಾಗಲ್ಲ. ಪಕ್ಕದಲ್ಲಿ ಕೂತ್ಕೊಂಡು ಯಾರಾದ್ರೂ ಬರ್ತಾರಾ ಅಂತ ಕಾಯ್ಬೇಕು."

ಆ ದಿನ ಊಟಕ್ಕೆ ಮೂವರೂ ಮೂರು ಹೊತ್ತಿನಲ್ಲಿ ಕೂತರು. ಎಲ್ಲರೂ ಯಾಕೆ ಹೀಗೆ ಮುಖ ಊದಿಸಿಕೊಂಡಿದ್ದಾರೆ ಎಂದು ಅಣ್ಣ ನಿಜವಾಗಿಯೂ ಅರ್ಥವಾಗದೆ ಕೇಳಿದ.

ಸೋಮವಾರ ಅತ್ತಿಗೆ ಆಫೀಸಿನಲ್ಲಿ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಹಾಕಿದಳು. ತಾನು ಬರೆದ ಸಾಲನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದಳು.

"ಮನೆ ಪರಿಸ್ಥಿತಿ ಅಂತ ನೀವೇ ಬರೆದಿದ್ರಿ," ಎಂದಳು ಮ್ಯಾನೇಜರ್.

"ಅದು ಅವಳ ಪರಿಸ್ಥಿತಿ ಅಲ್ಲ. ನನ್ನದು. ಅವಳು ನನ್ನ ನಾದಿನಿ, ಹಾಸಿಗೆ ಹಿಡಿದಿರೋದು ನಮ್ಮಾವ."

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಇದನ್ನು ಮೊದಲೇ ತಿಳಿಸಬೇಕಾಗಿತ್ತು ಎಂದು ನಾಲ್ಕು ಮಾತು ಅಂದಳು. ಅತ್ತಿಗೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ, ಬೇರೆಯವರು ಚೂಟಿಯ ಇಂಟರ್‌ವ್ಯೂ ಮಾಡಲಿ, ಗೆದ್ದರೆ ಹೋಗಲಿ ಎಂದಾಯಿತು. "ಅವಳು ಹೋದ್ರೆ ನೀವು?" ಎಂದು ಮ್ಯಾನೇಜರ್ ಕೇಳಿದಳು. "ಬೇಕಿದ್ರೆ ನಿಮಗೂ ಮನೆಯಿಂದ ಮಾಡೋ ಅನುಕೂಲ ಕೊಡೋಣ. ಆದ್ರೆ ತಂಡದ ಜವಾಬ್ದಾರಿ ಬೇರೆಯವರಿಗೆ ಹೋಗತ್ತೆ, ಗೊತ್ತಲ್ಲ?"

"ಗೊತ್ತು," ಎಂದಳು ಅತ್ತಿಗೆ.

ಇಂಟರ್‌ವ್ಯೂ ಮುಗಿಸಿ ಬಂದ ದಿನ ರಾತ್ರಿ ಚೂಟಿ ಅಪ್ಪನಿಗೆ ತಿನ್ನಿಸುತ್ತ ಬಾಗಿಲ ಆಚೆಗೆ ಕೇಳುವಂತೆ ಹೇಳಿದಳು. "ಮನೆಯವರು ಅಷ್ಟು ದೂರ ಕಳಿಸ್ತಾರಾ ಅಂತ ಕೇಳಿದ್ರು. ಹುಡುಗರಿಗೂ ಇದನ್ನ ಕೇಳ್ತೀರಾ ಸರ್ ಅಂದೆ."

"ಹಾಗಂದ್ಯಾ?" ಅಣ್ಣ ನಕ್ಕ. "ಇನ್ನು ಸಿಕ್ತು ಬಿಡು ಕೆಲಸ."

"ಅವರು ಏನಂದ್ರು?" ಎಂದಳು ಅತ್ತಿಗೆ. ಜಗಳವಾದ ಮೇಲೆ ಅವಳು ಚೂಟಿಯನ್ನು ಕೇಳಿದ ಮೊದಲ ಮಾತು ಅದು.

"ಒಬ್ಬರು ಕೆಮ್ಮಿದ್ರು. ಇನ್ನೊಬ್ಬರು ಮುಂದಿನ ಪ್ರಶ್ನೆ ಕೇಳಿದ್ರು."

ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಕೆಲಸ ಸಿಕ್ಕಿತು. ಅಣ್ಣ ಸಿಹಿ ತಂದ. ಬೀದಿಯವರಿಗೆಲ್ಲ, ಡ್ರೈವಿಂಗ್ ಕಲಿಯಲು ಬರುವ ಹುಡುಗಿಯರಿಗೆಲ್ಲ ಹಂಚಿದ. "ನನ್ನ ತಂಗಿ, ಒಬ್ಬಳೇ ಹೋಗ್ತಿದ್ದಾಳೆ," ಎಂದು ಹೇಳಿಕೊಂಡು ತಿರುಗಿದ. ಮನೆಯಲ್ಲಿ ಬೆಳಗಿನ ಮಾತು ಬಂದಾಗ, "ನಿಮ್ಮತ್ತಿಗೆ ಇದ್ದಾಳಲ್ಲ," ಎಂದ.

"ಅತ್ತಿಗೆಗೆ ಎಷ್ಟು ಕೈ ಇದೆ ಅಣ್ಣ?" ಎಂದಳು ಚೂಟಿ. "ಭುಜಕ್ಕೊಬ್ಬರು, ಸೊಂಟಕ್ಕೊಬ್ಬರು. ನಾಳೆಯಿಂದ ಸೊಂಟಕ್ಕೆ ನೀನು."

ಅವನು ಒಂದು ಬೆಳಿಗ್ಗೆ ಬಂದ. ಬಂದದ್ದು ನಿಜ. ಚೂಟಿ ಅವನ ಪಕ್ಕ ನಿಂತು ಹೇಳಿಕೊಟ್ಟಳು. ಮೊಣಕಾಲು ಮಡಿಸು, ಕೈ ಒಳಗೆ ತೂರಿಸು, ಎಳೀಬೇಡ, ಉರುಳಿಸು. ಅವನು ಎಳೆದ. ಅಪ್ಪ ಕೂಗಿಕೊಂಡ. ಹಾಸಿಗೆ ಒದ್ದೆಯಾಗಿ ವಾಸನೆ ಗಪ್ಪನೆ ಮೂಗಿಗೆ ಬಡಿಯುತ್ತಲೇ ಅಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈ ನೋಡಿಕೊಂಡ.

"ನನಗೆ ಬರಲ್ಲ ಕಣೆ. ಅಪ್ಪನಿಗೂ ನೋವಾಗತ್ತೆ. ನಿಮಗೆ ಅಭ್ಯಾಸ ಇದೆ."

"ಕಲಿಯೋಕೆ ಬಂದೋರಿಗೆ ಹೀಗೇ ಹೇಳ್ತೀಯಾ? ಮೊದಲ ದಿನ ಗೇರ್ ಬೀಳ್ಲಿಲ್ಲ ಅಂದ್ರೆ, ಮನೆಗೆ ಹೋಗಮ್ಮ, ಬೇರೆಯವರಿಗೆ ಅಭ್ಯಾಸ ಇದೆ ಅಂತೀಯಾ?"

"ಅದೇ ಬೇರೆ."

"ಗೊತ್ತಾಯ್ತು ಬಿಡು. ನಿನ್ನ ಗಾಡೀಲಿ ನಿನ್ನ ಕಡೆಗೂ ಒಂದು ಬ್ರೇಕಿದೆಯಲ್ಲ, ಮನೇಲೂ ಅಷ್ಟೇ. ಓಡಿಸೋದು ನಾವು. ನಿನ್ನದು ಬ್ರೇಕು."

ಅಣ್ಣ ಸೋಪು ಹಾಕಿ ಕೈ ತೊಳೆದುಕೊಂಡ, ಇನ್ನೊಮ್ಮೆ ತೊಳೆದುಕೊಂಡ, ಕ್ಲಾಸಿಗೆ ಹೋದ. ಮರುದಿನ ಬೆಳಿಗ್ಗೆ ಅವನು ಏಳುವ ಮೊದಲೇ ಗಿರಾಕಿಯ ಫೋನು ಬಂದಿತ್ತು. ಅದರ ಮರುದಿನವೂ ಬಂದಿತ್ತು.

ಮೂರನೆಯ ದಿನ ಚೂಟಿ ಪೆಟ್ಟಿಗೆಗೆ ಹಾಕಿದ್ದ ಬಟ್ಟೆ ತೆಗೆಯತೊಡಗಿದಳು. ಅತ್ತಿಗೆ ನೋಡಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಏನು ಮಾಡ್ತಿದ್ದೀಯ?"

"ನೀವು ಕುರ್ಚಿ ಬಿಡೋದು ಬೇಡ ಅತ್ತಿಗೆ. ನಾನು ಒಂದು ವರ್ಷ..."

"ಹಾಕು ಒಳಗೆ." ಅತ್ತಿಗೆ ಅವಳ ಕೈಯಿಂದ ಅಂಗಿ ಕಿತ್ತುಕೊಂಡು ಪೆಟ್ಟಿಗೆಗೆ ತುರುಕಿದಳು. "ನನಗೋಸ್ಕರ ಅಂತ ಒಳಗೆ ಕೂತು, ಆಮೇಲೆ ಜೀವನ ಪೂರ್ತಿ ನನ್ನ ಮುಖ ನೋಡ್ತೀಯ. ಆ ಭಾರ ನನಗೆ ಬೇಡ. ನಿಮ್ಮಪ್ಪನ ಭಾರ ಆದ್ರೆ ಒರಗಿಸಿ ಇಡಬಹುದು."

ಇಬ್ಬರೂ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ.

ಹೊರಡುವ ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತಿತ್ತು. ಅಮ್ಮ ದಾರಿಗೆಂದು ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು ಕಟ್ಟಿಕೊಟ್ಟಳು. ಅಣ್ಣ ಪೆಟ್ಟಿಗೆ ಹೊತ್ತು ಬಾಗಿಲಲ್ಲಿ ನಿಂತು, "ಬೇಗ ಬಾರೆ, ನಿಲ್ದಾಣಕ್ಕೆ ಬಿಟ್ಟು ಕ್ಲಾಸಿಗೆ ಹೋಗ್ಬೇಕು," ಎಂದು ಅವಸರ ಮಾಡುತ್ತಿದ್ದ. ಚೂಟಿ ಅಪ್ಪನಿಗೆ ಹೇಳಿಬರಲು ಒಳಕೋಣೆಗೆ ಹೋದಳು.

ಅಪ್ಪನನ್ನು ಆಗಷ್ಟೇ ದಿಂಬಿಗೆ ಒರಗಿಸಿದ್ದರು. ಚೂಟಿ ಬಗ್ಗಿ ಅವನ ಹಣೆಯ ಕೂದಲು ಸರಿಸಿದಳು.

"ಹೋಗಿಬರ್ತೀನಪ್ಪ. ಫೋನಲ್ಲಿ ಮುಖ ತೋರಿಸ್ತೀನಿ, ದಿನಾ."

ಅವನ ಬಲಗೈ ಹೊದಿಕೆಯಿಂದ ಹೊರಬಂದು ಅವಳ ಮಣಿಕಟ್ಟು ಹಿಡಿಯಿತು. ಆಶೀರ್ವಾದವಿರಬೇಕು ಎಂದುಕೊಂಡಳು ಚೂಟಿ. ಅವನ ಬಾಯಿ ಒಂದು ಕಡೆಗೆ ವಾಲಿ, ಬಹಳ ಕಷ್ಟದಿಂದ ಶಬ್ದ ಹೊರಟಿತು.

"ಬೇಡ."

"ಅಪ್ಪಾ?"

"ಬೇಡ. ಹೋಗ್... ಬೇಡ."

ಎಲ್ಲರೂ ಅವನ ಪರವಾಗಿ ಮಾತಾಡಿದ್ದರು. ಅಪ್ಪನಿಗಾಗಿ ಎಂದಿದ್ದರು, ಅಪ್ಪನನ್ನು ಯಾರು ಎಂದಿದ್ದರು. ಅವನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೀಗೆ ಹೇಳುತ್ತಿದ್ದ. ನೋವಾಗದಂತೆ ತಿರುಗಿಸುವ ಕೈ ಇದೊಂದೇ ಎಂದು ಅವನ ಮೈಗೆ ಗೊತ್ತಿತ್ತು. ಹೆದರಿದ ಮನುಷ್ಯ ಮಗಳೆಂದು ನೋಡಲಿಲ್ಲ, ಸಿಕ್ಕ ಕೈಯನ್ನು ಹಿಡಿದ. ಹಗ್ಗ, ಸ್ಪಾನರು, ಕಬ್ಬಿಣ ಹಿಡಿದು ಪಳಗಿದ ಬೆರಳುಗಳು ಬಿಗಿದುಕೊಂಡವು. ಚೂಟಿ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಅಪ್ಪನ ಮೇಲೆ ಬಲ ಹಾಕಲು ಅವಳಿಗೆ ಬರಲಿಲ್ಲ. ಅವಳು ಮಂಚದ ಅಂಚಿಗೆ ಕೂತುಬಿಟ್ಟಳು.

"ಅತ್ತಿಗೆ," ಎಂದಳು. ಅಷ್ಟೇ.

ಅತ್ತಿಗೆ ಬಂದು ನೋಡಿದಳು. ಒಂದು ಗಳಿಗೆ ಸುಮ್ಮನೆ ನಿಂತಳು. ಸುಮ್ಮನೆ ನಿಂತೇ ಇದ್ದರೆ ಸಾಕಾಗಿತ್ತು. ಬಸ್ಸು ಹೋಗುತ್ತಿತ್ತು, ಯಾರೂ ಯಾರನ್ನೂ ತಡೆದ ಹಾಗೆ ಆಗುತ್ತಿರಲಿಲ್ಲ.

ಅವಳು ಬಗ್ಗಿ ಮಾವನ ಹೆಬ್ಬೆರಳನ್ನು ಮೊದಲು ಬಿಡಿಸಿದಳು. ಆಮೇಲೆ ತೋರುಬೆರಳು. ಆಮೇಲೆ ಉಳಿದವನ್ನು ಒಂದೊಂದಾಗಿ. ಕೊನೆಯ ಬೆರಳು ಬಿಡುವ ಮೊದಲೇ ತನ್ನ ಮಣಿಕಟ್ಟನ್ನು ಆ ಅಂಗೈಯೊಳಗೆ ಇಟ್ಟಳು. ಕೈ ಮುಚ್ಚಿಕೊಂಡಿತು.

"ನಡಿ," ಎಂದಳು ಚೂಟಿಗೆ.

"ಅತ್ತಿಗೆ..."

"ಮೊದಲ ದಿನ ಗೊತ್ತಿಲ್ಲ ಅಂತ ಹೇಳೋಕೆ ನಾಚ್ಕೋಬೇಡ. ನಡಿ, ಬಸ್ಸು ಕಾಯಲ್ಲ."

ಚೂಟಿ ತಿರುಗಿ ನೋಡದೆ ಹೋದಳು. ಮೆಟ್ಟಿಲುಗಳಲ್ಲಿ ಅವಳ ಚಪ್ಪಲಿಯ ಸದ್ದು, ಅದರ ಹಿಂದೆ ಪೆಟ್ಟಿಗೆ ಗೋಡೆಗೆ ತಾಗುವ ಸದ್ದು ಕೇಳಿಸಿತು.

ಅತ್ತಿಗೆ ಕಿಟಕಿಯ ಕಡೆ ಕತ್ತು ಚಾಚಿ ಕೂಗಿದಳು. "ರೀ, ಅವಳನ್ನ ಬಿಟ್ಟು ಸೀದಾ ಮನೆಗೆ ಬನ್ನಿ. ನನ್ನ ಗಾಡಿ ಬರೋ ಹೊತ್ತಾಯ್ತು."

"ಬರ್ತೀನಿ, ಬರ್ತೀನಿ, ಒಂದೇ ಒಂದು ಕ್ಲಾಸು," ಎಂಬ ದನಿ ಕೆಳಗಿನಿಂದ ಬಂತು. ಕಾರಿನ ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತಿಗೆ ಆಫೀಸಿನ ಗಾಡಿ ಬಂದು ಹಾರ್ನ್ ಮಾಡಿತು. ಮತ್ತೆ ಮಾಡಿತು. ಅತ್ತಿಗೆ ಮೆಲ್ಲಗೆ ಕೈ ಎಳೆದು ನೋಡಿದಳು. ಹಿಡಿತ ಸಡಿಲಾಗಲಿಲ್ಲ. ಅಪ್ಪನ ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು. ಗಾಡಿ ಇನ್ನೊಮ್ಮೆ ಹಾರ್ನ್ ಮಾಡಿ ಹೊರಟುಹೋಯಿತು.

ಅಮ್ಮ ಬಟ್ಟಲಲ್ಲಿ ಮೆತ್ತಗೆ ಬೇಯಿಸಿದ ಅನ್ನ ತಂದಳು. ಸೊಸೆ ಕೂತ ರೀತಿ ನೋಡಿದಳು, ಗಂಡನ ಕೈ ನೋಡಿದಳು.

"ಬಿಡ್ತಿಲ್ಲ ಅತ್ತೆ," ಎಂದಳು ಅತ್ತಿಗೆ.

ಅಮ್ಮ ಮಂಚದ ಪಕ್ಕ ಸ್ಟೂಲು ಎಳೆದು ಅದರ ಮೇಲೆ ಬಟ್ಟಲಿಟ್ಟಳು. ಬೈಗುಳವೂ ಅಲ್ಲದ, ಸಮಾಧಾನವೂ ಅಲ್ಲದ ದನಿಯಲ್ಲಿ ಹೇಳಿದಳು.

"ಆ ಕೈ ಅವರ ಹತ್ರಾನೇ ಇರ್ಲಿ. ಇನ್ನೊಂದು ಕೈ ಇದೆಯಲ್ಲ, ತಿನ್ನಿಸು. ಆರಿಹೋಗತ್ತೆ."

ಅತ್ತಿಗೆ ಎಡಗೈಯಲ್ಲಿ ಚಮಚ ಎತ್ತಿಕೊಂಡಳು.